ಲೈಕ್ ತರೋ ಫೋಟೊ, ಆರ್ಡರ್ ತರೋ ಫೋಟೊ

ಮೂರು ವರ್ಷದ ಹಿಂದೆ ನಮ್ಮ ತೋಟದ ಬಾದಾಮಿ ಮಾವಿನ ಒಂದು ಫೋಟೊಗೆ ಫೇಸ್‌ಬುಕ್ಕಿನಲ್ಲಿ ಆರುನೂರಕ್ಕೂ ಹೆಚ್ಚು ಲೈಕ್ ಬಂದಿತ್ತು. ಆ ಫೋಟೊ ನೋಡಿ ಹಣ್ಣು ಬೇಕು ಅಂತ ದುಡ್ಡು ಹಾಕಿದವರು ನಾಲ್ಕೇ ಜನ. ಅದರಲ್ಲಿ ಒಬ್ಬರು ನಮ್ಮ ಸೋದರತ್ತೆ.

ಫೋಟೊ ಕೆಟ್ಟದಾಗಿತ್ತಾ ಅಂದ್ರೆ ಖಂಡಿತ ಇಲ್ಲ. ತೆಗೆದವನು ನನ್ನ ಚಿಕ್ಕಮ್ಮನ ಮಗ. ಮದುವೆ, ನಾಮಕರಣ ಅಂತ ಊರೂರು ಸುತ್ತಿ ಫೋಟೊ ತೆಗೆಯೋದೇ ಅವನ ಕೆಲಸ. ಅಡುಗೆಮನೆ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದ. ಹಿಂದೆ ಹಳೇ ಗೋಣಿಚೀಲ ಇಳಿಬಿಟ್ಟ. ಅಜ್ಜಿಯ ಹಿತ್ತಾಳೆ ತಟ್ಟೆಯಲ್ಲಿ ಮೂರೇ ಮೂರು ಹಣ್ಣಿಟ್ಟು, ಮೇಲೆ ನೀರು ಚಿಮುಕಿಸಿ, ಒಂದು ಪಕ್ಕದಿಂದ ಮಾತ್ರ ಬೆಳಕು ಬಿಟ್ಟ. "ಅಕ್ಕಾ, ಇದು ಫೈನ್ ಆರ್ಟ್ ಸ್ಟೈಲು, ಬೆಂಗಳೂರಿನವರು ಇದಕ್ಕೇ ಬೀಳೋದು" ಅಂದ. ಬಿದ್ದರು ಕೂಡ. "ಪೇಂಟಿಂಗ್ ತರ ಇದೆ", "ಸೂಪರ್", "ಯಾವ ಕ್ಯಾಮೆರಾ ಸರ್?" ಅಂತ ಕಾಮೆಂಟೋ ಕಾಮೆಂಟು. ಲೆಕ್ಕ ಹಾಕಿದ್ರೆ ಹಣ್ಣಿನ ರೇಟು ಕೇಳಿದವರಿಗಿಂತ ಕ್ಯಾಮೆರಾ ರೇಟು ಕೇಳಿದವರೇ ಜಾಸ್ತಿ.

ಹತ್ತು ದಿನ ಕಳೆದ ಮೇಲೆ ಶೆಡ್ಡಿನ ಬಾಗಿಲಲ್ಲಿ ಕೂತು ಪ್ಯಾಕ್ ಮಾಡ್ತಾ ಇದ್ದೆ. ಗ್ರಾಹಕರೊಬ್ಬರು "ನಮ್ಮ ಬಾಕ್ಸ್ ರೆಡಿನಾ?" ಅಂತ ಮೆಸೇಜ್ ಹಾಕಿದರು. ಉತ್ತರ ಟೈಪ್ ಮಾಡಲು ಪುರುಸೊತ್ತಿಲ್ಲದೆ ಒಂದು ಫೋಟೊ ತೆಗೆದು ಕಳಿಸಿದೆ. ಬಾಯಿ ತೆರೆದ ಮೂರು ಕೆಜಿ ಬಾಕ್ಸು, ಒಳಗೆ ಭತ್ತದ ಹುಲ್ಲು, ಹನ್ನೊಂದು ಹಣ್ಣು, ಪಕ್ಕದಲ್ಲಿ ತೂಕದ ಮಿಷನ್ನು, ಒಂದು ಮೂಲೆಯಲ್ಲಿ ನನ್ನ ಚಪ್ಪಲಿ. ಅವರು ಅದನ್ನ ಹಾಗೇ ತಮ್ಮ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿಬಿಟ್ಟರು. ಸಂಜೆಯೊಳಗೆ 27 ಬಾಕ್ಸಿಗೆ ಆರ್ಡರ್ ಬಂತು. ಚಪ್ಪಲಿ ಬಗ್ಗೆ ಯಾರೂ ಏನೂ ಅನ್ನಲಿಲ್ಲ.

ಹಾಗಾದ್ರೆ ಚೆಂದದ ಫೋಟೊ ವೇಸ್ಟು, ಚಪ್ಪಲಿ ಇರೋ ಫೋಟೊನೇ ಬೆಸ್ಟು ಅಂತಾನಾ? ನಾನೂ ಆಗ ಹಾಗೇ ಅಂದ್ಕೊಂಡೆ. ಅದು ಪೂರ್ತಿ ಸರಿಯಲ್ಲ ಅಂತ ಗೊತ್ತಾಗೋಕೆ ಇನ್ನೆರಡು ಸೀಸನ್ ಬೇಕಾಯ್ತು. ಈ ವಾರದ ಪಾಠ ಅದರ ಬಗ್ಗೆ.

ಕೊಳ್ಳೋಕಾಗದ ಮೆಣಸಿನಕಾಯಿ

ಮೊದಲು ಒಂದು ದೊಣ್ಣೆ ಮೆಣಸಿನಕಾಯಿಯ ಕತೆ ಹೇಳ್ತೀನಿ. ಎಡ್ವರ್ಡ್ ವೆಸ್ಟನ್ ಅನ್ನೋ ಅಮೆರಿಕದ ಛಾಯಾಗ್ರಾಹಕ 1930ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ದೊಣ್ಣೆ ಮೆಣಸಿನಕಾಯಿಯನ್ನ ತಗಡಿನ ಆಲಿಕೆಯೊಳಗೆ ಇಟ್ಟು ಕಪ್ಪುಬಿಳುಪಿನಲ್ಲಿ ಫೋಟೊ ತೆಗೆದರು. ಆಲಿಕೆಯ ಒಳಗೋಡೆಗೆ ಬಡಿದ ಬೆಳಕು ಸುತ್ತಲಿಂದ ನಯವಾಗಿ ಕಾಯಿಯ ಮೇಲೆ ಬೀಳ್ತದೆ. 'ಪೆಪ್ಪರ್ ನಂಬರ್ 30' ಅಂತ ಹುಡುಕಿ, ನಿಮ್ಮ ಫೋನಲ್ಲೇ ಸಿಗುತ್ತೆ. ನೋಡಿದ ತಕ್ಷಣ ಮೆಣಸಿನಕಾಯಿ ಅಂತ ಅನ್ನಿಸೋದೇ ಇಲ್ಲ. ಕುಸ್ತಿ ಪೈಲ್ವಾನ ಬೆನ್ನು ತಿರುಗಿಸಿ ಕೂತ ಹಾಗೆ ಇದೆ. ತರಕಾರಿಯ ಫೋಟೊಗಳಲ್ಲಿ ಜಗತ್ತಿನಲ್ಲೇ ಹೆಸರಾದದ್ದು ಇದು.

ಈಗ ಅದೇ ಫೋಟೊವನ್ನ ನೀವು ಪಾಲಿಹೌಸ್ ಕ್ಯಾಪ್ಸಿಕಂ ಮಾರಾಟಕ್ಕೆ ಹಾಕಿದ್ರಿ ಅಂದ್ಕೊಳ್ಳಿ. ಹಸಿರಾ, ಕೆಂಪಾ, ಹಳದಿನಾ? ಕಪ್ಪುಬಿಳುಪಿನಲ್ಲಿ ಗೊತ್ತಾಗಲ್ಲ. ಎಷ್ಟು ದೊಡ್ಡದು? ಪಕ್ಕದಲ್ಲಿ ಹೋಲಿಸಿ ನೋಡೋಕೆ ಏನೂ ಇಲ್ಲ. ಅಂಕುಡೊಂಕು ಬೇರೆ. ಮಂಡಿಯವರು ನೋಡಿದ್ರೆ 'ಸೆಕೆಂಡ್ಸ್' ಅಂತ ಪಕ್ಕಕ್ಕೆ ತಳ್ತಾರೆ. ವೆಸ್ಟನ್ ಅವರಿಗೆ ಇದು ಯಾವುದೂ ಬೇಕಿರಲಿಲ್ಲ, ಅವರು ಮೆಣಸಿನಕಾಯಿ ಮಾರ್ತಾ ಇರಲಿಲ್ಲ. ಆಕಾರ ತೋರಿಸ್ತಾ ಇದ್ದರು. ಆ ಕೆಲಸಕ್ಕೆ ಅದಕ್ಕಿಂತ ಒಳ್ಳೆ ಫೋಟೊ ಇಲ್ಲ.

ನನ್ನ ತಮ್ಮ ಮಾಡಿದ್ದೂ ಅದೇ. ಅವನು ಬೆಳಕು ತೋರಿಸಿದ, ಹಿತ್ತಾಳೆಯ ಹೊಳಪು ತೋರಿಸಿದ, ನೀರಿನ ಹನಿ ತೋರಿಸಿದ. ನಾನು ಮಾರಬೇಕಿದ್ದ ಮೂರು ಕೆಜಿ ಬಾಕ್ಸು ಮಾತ್ರ ಆ ಫೋಟೊದಲ್ಲಿ ಎಲ್ಲೂ ಇರಲಿಲ್ಲ.

ದುಡ್ಡು ಹಾಕೋ ಮುಂಚೆ ಅವರ ತಲೆಯಲ್ಲಿ ಓಡೋದು

ಸಂತೆಯಲ್ಲಿ ಹಣ್ಣು ಕೊಳ್ಳುವವರನ್ನ ಗಮನಿಸಿದ್ದೀರಾ? ಕೈಗೆತ್ತಿಕೊಂಡು ತೂಕ ನೋಡ್ತಾರೆ. ತೊಟ್ಟಿನ ಹತ್ತಿರ ಮೂಸ್ತಾರೆ. ಮೆಲ್ಲಗೆ ಒತ್ತುತ್ತಾರೆ. ರಾಶಿಯಲ್ಲಿ ಮೇಲಿನದನ್ನ ಬಿಟ್ಟು ಕೆಳಗಿನದು ತೆಗೀತಾರೆ, ಮೇಲೆ ಒಳ್ಳೇದು ಜೋಡಿಸಿರ್ತಾರೆ ಅಂತ ಎಲ್ಲರಿಗೂ ಗೊತ್ತು. ಫೋನಲ್ಲಿ ನೋಡುವವರಿಗೆ ಇದು ಯಾವುದೂ ಸಾಧ್ಯ ಇಲ್ಲ. ಮೂಗು, ಕೈ ಎರಡರ ಕೆಲಸವನ್ನೂ ಕಣ್ಣೊಂದೇ ಮಾಡಬೇಕು.

ಅದಕ್ಕೇ ಅವರ ತಲೆಯಲ್ಲಿ ಸಾಲು ಸಾಲು ಅನುಮಾನ. ಎಷ್ಟು ದೊಡ್ಡ ಹಣ್ಣು, ಮೂರು ಕೆಜಿಗೆ ಎಷ್ಟು ಬರುತ್ತೆ, ಕಾಯಿ ಬರುತ್ತಾ ಹಣ್ಣು ಬರುತ್ತಾ, ಒಳಗೆ ತಿರುಳು ಹೇಗಿದೆ, ಬಾಕ್ಸ್ ಎಂಥದ್ದು, ಜಜ್ಜಿಹೋಗಲ್ವಾ, ಇದು ಇವರದೇ ತೋಟದ್ದಾ ಇಲ್ಲ ಮಂಡಿಯಿಂದ ತಂದು ಮಾರ್ತಾರಾ. ಇಷ್ಟನ್ನೂ ಫೋನ್ ಮಾಡಿ ಕೇಳುವವರು ಹತ್ತರಲ್ಲಿ ಒಬ್ಬರು. ಉಳಿದವರು ಸುಮ್ಮನೆ ಮುಂದಕ್ಕೆ ಹೋಗ್ತಾರೆ. ಚಪ್ಪಲಿ ಫೋಟೊ ಗೆದ್ದಿದ್ದು ಇಲ್ಲೇ. ಗಾತ್ರ, ಎಣಿಕೆ, ಪ್ಯಾಕಿಂಗು, ತೂಕ ಎಲ್ಲಕ್ಕೂ ಅದರಲ್ಲಿ ಉತ್ತರ ಇತ್ತು. ಚಪ್ಪಲಿ ಕೂಡ ಒಂದು ಉತ್ತರವೇ ಇರಬಹುದು, ಯಾರೋ ನಿಜವಾದ ಮನುಷ್ಯರು ಅಲ್ಲಿ ಕೂತು ಪ್ಯಾಕ್ ಮಾಡ್ತಾ ಇದ್ದಾರೆ ಅನ್ನೋದಕ್ಕೆ. (ಬೇಕಂತಲೇ ಚಪ್ಪಲಿ ಇಡೋಕೆ ಹೋಗಬೇಡಿ. ನಾನು ಆಮೇಲೆ ಪ್ರತಿ ಸಲ ಗುಡಿಸಿಯೇ ತೆಗೆದಿದ್ದೇನೆ.)

ದೊಡ್ಡ ಆನ್‌ಲೈನ್ ಅಂಗಡಿಗಳೂ ಈ ಲೆಕ್ಕದಲ್ಲೇ ನಡೆಯೋದು. ಅಮೆಜಾನ್‌ನಲ್ಲಿ ವಸ್ತುವಿನ ಮುಖ್ಯ ಫೋಟೊಗೆ ಅಚ್ಚ ಬಿಳಿ ಹಿನ್ನೆಲೆಯೇ ಬೇಕು, ಚೌಕಟ್ಟಿನ ಶೇ. 85ರಷ್ಟು ವಸ್ತುವೇ ತುಂಬಿರಬೇಕು ಅನ್ನೋ ನಿಯಮ ಇದೆ. ಸಪ್ಪೆ ನಿಯಮ. ಆದರೆ ಅಲ್ಲಿ ನೋಡುವವರು ಕಲೆ ನೋಡೋಕೆ ಬಂದಿರಲ್ಲ, ಹೋಲಿಸಿ ಕೊಳ್ಳೋಕೆ ಬಂದಿರ್ತಾರೆ.

ಎರಡು ಗ್ರೂಪಿಗೆ ಎರಡು ಫೋಟೊ

ನಾನು ಓದಿದ್ದು ತೋಟಗಾರಿಕೆ. ಕಾಲೇಜಿನಲ್ಲಿ ಕಲಿಸಿದ್ದು ಒಂದು ಮಾತು ಈಗಲೂ ತಲೆಯಲ್ಲಿದೆ: ಗೊಬ್ಬರ ಕೆಲಸ ಮಾಡ್ತಾ ಅಂತ ನೋಡಬೇಕಾದ್ರೆ ಪಕ್ಕದ ಪಟ್ಟಿ ಖಾಲಿ ಬಿಡು. ನಾನು ಎರಡು ಫೋಟೊಗಳನ್ನ ಹೋಲಿಸಿದ್ದು ಆ ಲೆಕ್ಕದಲ್ಲಿ ನ್ಯಾಯವಾಗಿರಲಿಲ್ಲ. ಮೊದಲನೇದು ಏಪ್ರಿಲ್ ಕೊನೆಯಲ್ಲಿ ಹಾಕಿದ್ದು, ಜನರಿಗೆ ಇನ್ನೂ ಮಾವಿನ ಆಸೆ ಹತ್ತಿರಲಿಲ್ಲ. ಎರಡನೇದು ಮೇ ನಡುವಿನದ್ದು. ಮೇಲಾಗಿ ಅದನ್ನ ಹಾಕಿದವರು ಆ ಅಪಾರ್ಟ್‌ಮೆಂಟಿನ ನಿವಾಸಿ. ನೆರೆಯವರ ಮಾತಿಗೆ ಇರೋ ಬೆಲೆ ಯಾವ ಫೋಟೊಗೂ ಇಲ್ಲ.

ಹಾಗಾಗಿ ಮುಂದಿನ ವರ್ಷ ಒಂದು ಗುರುವಾರ, ಒಂದೇ ಹೊತ್ತಿಗೆ, ಒಂದೇ ರೇಟು ಬರೆದು, ಹೆಚ್ಚುಕಮ್ಮಿ ಒಂದೇ ತರದ ಎರಡು ಅಪಾರ್ಟ್‌ಮೆಂಟ್ ಗ್ರೂಪಿಗೆ ಬೇರೆ ಬೇರೆ ಫೋಟೊ ಹಾಕಿಸಿದೆ. ಒಂದಕ್ಕೆ ತಮ್ಮನ ಕತ್ತಲೆ ಕೋಣೆಯ ಫೋಟೊ. ಇನ್ನೊಂದಕ್ಕೆ ಬಾಕ್ಸು, ತೂಕ, ಕೊಯ್ದ ಹಣ್ಣು.

ಬಾಕ್ಸಿನ ಫೋಟೊಗೆ 31 ಆರ್ಡರ್. ಕಲೆಯ ಫೋಟೊಗೆ 9. ಸರಿ, ಅಂದ್ಕೊಂಡಂಗೇ ಆಯ್ತು ಅಂತ ಬೀಗುವಷ್ಟರಲ್ಲಿ ಆ ಒಂಬತ್ತರಲ್ಲಿ ಒಬ್ಬರು ಫೋನ್ ಮಾಡಿದರು. "ಮೇಡಂ, ನಮ್ಮ ಆಫೀಸಲ್ಲಿ ಕ್ಲೈಂಟ್‌ಗಳಿಗೆ ಕೊಡೋಕೆ ನಲವತ್ತು ಗಿಫ್ಟ್ ಬಾಕ್ಸ್ ಆಗುತ್ತಾ? ಫೋಟೊದಲ್ಲಿ ಇರೋ ತರಾನೇ ಗೋಣಿ ಬಟ್ಟೆ ಕಟ್ಟಿ ಕೊಡಿ." ರೇಟಿನ ಬಗ್ಗೆ ಚೌಕಾಸಿಯನ್ನೇ ಮಾಡಲಿಲ್ಲ.

ನನಗೆ ತಲೆ ಕೆರೆದುಕೊಳ್ಳೋ ಹಾಗಾಯ್ತು. ಆಮೇಲೆ ಹೊಳೆದದ್ದು ಇಷ್ಟು: ಮನೇಲಿ ತಿನ್ನೋಕೆ ಕೊಳ್ಳುವವರು ಹಣ್ಣು ಕೊಳ್ತಾರೆ. ಬೇರೆಯವರಿಗೆ ಕೊಡೋಕೆ ಕೊಳ್ಳುವವರು ನೋಟ ಕೊಳ್ತಾರೆ. ಅವರಿಗೆ ಹನ್ನೊಂದಾ ಹನ್ನೆರಡಾ ಅನ್ನೋದು ಮುಖ್ಯ ಅಲ್ಲ, ಬಾಕ್ಸ್ ತೆರೆದಾಗ ಎದುರಿನವರು "ಓಹ್" ಅನ್ನಬೇಕು. ಅವರ ತಲೆಯಲ್ಲಿದ್ದ ಪ್ರಶ್ನೆಗೆ ತಮ್ಮನ ಫೋಟೊನೇ ಉತ್ತರ ಕೊಟ್ಟಿತ್ತು. ನೀವು ಜೇನು, ಕಾಫಿ ಪುಡಿ, ಒಣಗಿಸಿದ ಹೂವು, ಸೋಪು ಇಂಥದ್ದು ಮಾರ್ತಾ ಇದ್ದರೆ ನಿಮ್ಮ ಗ್ರಾಹಕರಲ್ಲಿ ಈ ಎರಡನೇ ತರದವರೇ ಹೆಚ್ಚಿರಬಹುದು. ಈರುಳ್ಳಿ, ಟೊಮ್ಯಾಟೊ, ರಾಗಿ ಮಾರುವವರಿಗೆ ಕತ್ತಲೆ ಕೋಣೆಯ ಗೋಜೇ ಬೇಡ.

ಕಿತ್ತಳೆ ಪೆಟ್ಟಿಗೆಯ ಲೇಬಲ್ಲು

ಚೆಂದಕ್ಕೆ ಇನ್ನೂ ಒಂದು ಕೆಲಸ ಇದೆ. ಅದನ್ನ ನಮಗಿಂತ ಮುಂಚೆ ಕಂಡುಕೊಂಡವರು ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರು. 1880ರ ದಶಕದಿಂದ 1950ರ ದಶಕದ ನಡುವಿನವರೆಗೆ ಅವರ ಹಣ್ಣು ಮರದ ಪೆಟ್ಟಿಗೆಯಲ್ಲಿ ರೈಲು ಹತ್ತಿ ಸಾವಿರಾರು ಕಿಲೋಮೀಟರ್ ದೂರದ ಪೂರ್ವದ ನಗರಗಳಿಗೆ ಹೋಗ್ತಿತ್ತು. ಅಲ್ಲಿ ಹರಾಜು. ಪೆಟ್ಟಿಗೆ ಸಾಲಾಗಿ ಪೇರಿಸಿದ್ರೆ ಕಾಣೋದು ಅದರ ತುದಿಯ ಹಲಗೆ ಮಾತ್ರ. ಆ ಹಲಗೆಗೆ ಬಣ್ಣ ಬಣ್ಣದ ಕಾಗದದ ಲೇಬಲ್ ಅಂಟಿಸ್ತಿದ್ದರು. ಬೆಟ್ಟ, ಹೂವು, ಹುಡುಗಿಯರು, ಹಡಗು. ಎಷ್ಟೋ ಲೇಬಲ್ಲಿಗೂ ಕಿತ್ತಳೆಗೂ ಸಂಬಂಧವೇ ಇರಲಿಲ್ಲ. ರಟ್ಟಿನ ಡಬ್ಬ ಬಂದ ಮೇಲೆ ಆ ಲೇಬಲ್ಲು ನಿಂತುಹೋಯ್ತು. ಈಗ ಅವನ್ನ ಹವ್ಯಾಸಿಗಳು ದುಡ್ಡು ಕೊಟ್ಟು ಸಂಗ್ರಹಿಸ್ತಾರೆ.

ಆ ಚಿತ್ರಗಳು ಹಣ್ಣು ಎಂಥದ್ದು ಅಂತ ಹೇಳ್ತಿರಲಿಲ್ಲ. ಆದರೂ ಮಾರ್ತಿದ್ದವು. ಹೇಗೆ ಅಂದ್ರೆ, ಕಳೆದ ಸಲ ಈ ಚಿತ್ರದ ಪೆಟ್ಟಿಗೆ ಕೊಂಡಿದ್ದೆ, ಹಣ್ಣು ಚೆನ್ನಾಗಿತ್ತು ಅಂತ ಹತ್ತು ಮಾರು ದೂರದಿಂದಲೇ ವ್ಯಾಪಾರಿಗೆ ಗುರುತು ಸಿಗ್ತಿತ್ತು. ಹಣ್ಣು ಕೆಟ್ಟದಾಗಿದ್ರೂ ಅಷ್ಟೇ ಬೇಗ ಗುರುತು ಸಿಗ್ತಿತ್ತು ಅನ್ನೋದನ್ನ ಮರೀಬೇಡಿ.

ನಿಮ್ಮ ಸ್ಟೈಲು ಅನ್ನೋದನ್ನ ಈ ಕೆಲಸಕ್ಕೆ ಇಟ್ಕೊಳ್ಳಿ. ನಾನು ಈಗ ಎಲ್ಲ ಫೋಟೊಗೂ ಒಂದೇ ಮೊರ ಬಳಸ್ತೀನಿ. ಅಂಚು ಸ್ವಲ್ಪ ಕಿತ್ತುಹೋದ ಬಿದಿರಿನ ಮೊರ. ಬಾದಾಮಿ ಬಂದ್ರೂ ಅದೇ, ಮಲ್ಲಿಕಾ ಬಂದ್ರೂ ಅದೇ, ಚಳಿಗಾಲದಲ್ಲಿ ಅರಿಶಿನ ಬಂದ್ರೂ ಅದೇ. ಹೆಸರು ನೋಡದೆ "ಓ, ಮೊರದ ಮೇಡಂ ಹಣ್ಣು ಬಂತು" ಅನ್ನುವವರಿದ್ದಾರೆ. ಇದಕ್ಕೆ ಒಂದು ರೂಪಾಯಿ ಖರ್ಚಾಗಿಲ್ಲ. ವಾರಕ್ಕೊಂದು ಹೊಸ ಟೆಂಪ್ಲೇಟು, ಹೊಸ ಫಾಂಟು, ಹೊಸ ಬಾರ್ಡರು ಅಂತ ಬದಲಾಯಿಸ್ತಾ ಹೋದ್ರೆ ಈ ಗುರುತು ಬೆಳೆಯಲ್ಲ.

ನಾನು ಕೈ ಸುಟ್ಟುಕೊಂಡದ್ದು

ಇದನ್ನ ಬರೆಯೋಕೆ ಈಗಲೂ ಮುಜುಗರ. ಕಳೆದ ವರ್ಷ ಹೊಸ ಫೋನ್ ತಗೊಂಡೆ. ಅದರಲ್ಲಿ ಆಹಾರದ ಫೋಟೊಗೆ ಅಂತಲೇ ಒಂದು ಮೋಡ್ ಇತ್ತು. ರಸಪುರಿ ಸುಗ್ಗಿ. ರಸಪುರಿ ತಿಂದವರಿಗೆ ಗೊತ್ತು, ರುಚಿಯಲ್ಲಿ ರಾಜ, ಮೈಬಣ್ಣದಲ್ಲಿ ಸಪ್ಪೆ. ಹಣ್ಣಾದ್ರೂ ಮಾಸಲು ಹಳದಿ, ಅಲ್ಲಲ್ಲಿ ಹಸಿರು, ಸೊನೆಯ ಕಲೆ. ಆ ಮೋಡಲ್ಲಿ ತೆಗೆದಾಗ ಮಾತ್ರ ಕೇಸರಿ ಬಣ್ಣದಲ್ಲಿ ಝಗಝಗ ಅಂತ ಬಂತು. ನಾನೇನೂ ಎಡಿಟ್ ಮಾಡಲಿಲ್ಲ, ಫೋನೇ ಮಾಡಿದ್ದು, ನನ್ನದೇನು ತಪ್ಪು ಅಂತ ಹಾಕಿಬಿಟ್ಟೆ. ಆರ್ಡರ್ ಹರಿದು ಬಂತು.

ಬಾಕ್ಸ್ ತಲುಪಿದ ದಿನ ಮೆಸೇಜುಗಳೂ ಹರಿದು ಬಂದವು. "ಫೋಟೊದಲ್ಲಿರೋ ಹಣ್ಣೇ ಬೇರೆ, ಬಂದಿರೋದೇ ಬೇರೆ." "ಕಾಯಿ ಕಳಿಸಿದ್ದೀರಾ?" ಹಣ್ಣು ಚೆನ್ನಾಗೇ ಮಾಗಿತ್ತು. ಆದರೆ ನೋಡಿದ ಬಣ್ಣವೇ ತಲೆಯಲ್ಲಿ ಕೂತವರಿಗೆ ಅದನ್ನ ಹೇಳಿ ಒಪ್ಪಿಸೋದು ಹೇಗೆ? ಹದಿನಾಲ್ಕು ಬಾಕ್ಸಿನ ದುಡ್ಡು ವಾಪಸ್ ಹಾಕಿದೆ. ಅದು ಹೋಗಲಿ. ಮೂರು ವರ್ಷದಿಂದ ನಮ್ಮಲ್ಲೇ ತಗೊಳ್ತಾ ಇದ್ದ ಒಬ್ಬ ಅಜ್ಜಿ ಫೋನ್ ಮಾಡಿ, "ಫೋಟೊದಲ್ಲಿ ಅಷ್ಟು ಕೇಸರಿ ಇತ್ತಲ್ಲಮ್ಮ, ನೀವೂ ಕಾರ್ಬೈಡ್ ಹಾಕೋಕೆ ಶುರು ಮಾಡಿದ್ರಾ?" ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಗಿಸೋದು ನಮ್ಮ ದೇಶದಲ್ಲಿ ನಿಷಿದ್ಧ. 2011ರ ಆಹಾರ ಸುರಕ್ಷತಾ ನಿಯಮದಲ್ಲಿ ಸ್ಪಷ್ಟವಾಗಿ ಇದೆ. ಮಾಗಿಸಲು ಎಥಿಲೀನ್ ಅನಿಲವನ್ನ 100 ಪಿಪಿಎಂವರೆಗೆ ಬಳಸಲು ಒಪ್ಪಿಗೆ ಇದೆ. ನಾವು ಅದನ್ನೂ ಬಳಸಲ್ಲ, ಹುಲ್ಲಿನಲ್ಲಿ ಇಟ್ಟು ಮಾಗಿಸೋದು. "ಒಂದೇ ಸಮ ಬಣ್ಣ ಬಂದ ಹಣ್ಣು ಕಂಡ್ರೆ ಅನುಮಾನ ಪಡಿ, ನಮ್ಮ ಹಣ್ಣಿನಲ್ಲಿ ಹಸಿರು ಇರುತ್ತೆ" ಅಂತ ಮೂರು ವರ್ಷ ನಾನೇ ಎಲ್ಲರಿಗೂ ಪಾಠ ಹೇಳಿದ್ದೆ. ಆಮೇಲೆ ನಾನೇ ನಮ್ಮ ಹಣ್ಣಿಗೆ ಆ ಬಣ್ಣ ಬಳಿದು ತೋರಿಸಿದೆ. ಹಣ್ಣಿಗಲ್ಲ, ಫೋಟೊಗೆ. ಅವರ ಕಣ್ಣಿಗೆ ಎರಡೂ ಒಂದೇ.

ಮರುದಿನ ಅದೇ ರಾಶಿಯ ಹಣ್ಣನ್ನ ಮೋಡ್ ಆಫ್ ಮಾಡಿ ತೆಗೆದೆ. ಒಂದು ಇಡೀ ಹಣ್ಣು, ಹಸಿರು ಮಚ್ಚೆ ಕಾಣೋ ಹಾಗೆ. ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಕೊಯ್ದಿಟ್ಟದ್ದು. ಎಲ್ಲರಿಗೂ ಕಳಿಸಿ, ಮೊದಲಿನ ಫೋಟೊ ಬಣ್ಣ ಸರಿ ಇರಲಿಲ್ಲ, ನನ್ನ ತಪ್ಪು ಅಂತ ಬರೆದೆ. ಕೆಲವರು ತಿರುಗಿ ಬಂದರು. ಆ ಅಜ್ಜಿ ಬರಲಿಲ್ಲ.

ಇಂಥದ್ದು ದೊಡ್ಡ ಕಂಪನಿಗಳಿಗೂ ಆಗಿದೆ. ಅಮೆರಿಕದ ಕ್ಯಾಂಪ್‌ಬೆಲ್ ಕಂಪನಿ 1960ರ ದಶಕದ ಕೊನೆಯಲ್ಲಿ ಸೂಪಿನ ಜಾಹೀರಾತಿಗೆ ಬಟ್ಟಲಿನ ತಳದಲ್ಲಿ ಗಾಜಿನ ಗೋಲಿ ಹಾಕಿ ಫೋಟೊ ತೆಗೆಸಿತ್ತು. ತರಕಾರಿ ತಳಕ್ಕೆ ಕೂರದೆ ಮೇಲೆ ಕಾಣಲಿ ಅಂತ. ತರಕಾರಿ ಸೂಪಿನಲ್ಲಿ ನಿಜವಾಗಿಯೂ ಇತ್ತು. ಆದರೂ ಇದ್ದದ್ದಕ್ಕಿಂತ ಹೆಚ್ಚು ಇರೋ ಹಾಗೆ ಕಾಣಿಸಿದ್ದು ದಾರಿ ತಪ್ಪಿಸಿದ ಹಾಗೆ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ತಕರಾರು ತೆಗೆಯಿತು. 1970ರಲ್ಲಿ ಕಂಪನಿ ಅದನ್ನ ನಿಲ್ಲಿಸಲು ಒಪ್ಪಬೇಕಾಯ್ತು. ನಮ್ಮಲ್ಲೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ದಂಡ ಇದೆ. ಆದರೆ ನನ್ನ ಅನುಭವದಲ್ಲಿ ಕಾನೂನು ಬರೋ ಮುಂಚೆ ಅಜ್ಜಿಯ ಫೋನ್ ಬರುತ್ತೆ.

ಬೆಲ್ಲ ಮಾಡುವ ಗೆಳೆಯರಿಗೆ ಇಲ್ಲೊಂದು ಮಾತು. ಹೈಡ್ರೋಸ್ ಹಾಕದ ಬೆಲ್ಲ ಕಂದು ಇರುತ್ತೆ, ಅದೇ ಅದರ ಹೆಚ್ಚುಗಾರಿಕೆ. ಬ್ರೈಟ್‌ನೆಸ್ ಏರಿಸಿ ಅದನ್ನ ಹಳದಿ ಮಾಡಿದ್ರೆ ನೀವು ನಿಮ್ಮ ಬೆಲ್ಲವನ್ನೇ ಕೆಮಿಕಲ್ ಬೆಲ್ಲದ ಹಾಗೆ ತೋರಿಸಿದಿರಿ ಅಂತ ಅರ್ಥ. ಬ್ಯಾಡಗಿ ಮೆಣಸಿನಕಾಯಿಯವರಿಗೂ ಇದೇ. ಕಡುಗೆಂಪು, ಸುಕ್ಕುಸುಕ್ಕು ಮೈ, ಇವೆರಡೇ ಅದರ ಗುರುತು. ಫೋಟೊವನ್ನ ನಯ ಮಾಡುವ ಫಿಲ್ಟರ್ ಹಾಕಿದ್ರೆ ಸುಕ್ಕೇ ಹೋಗಿಬಿಡುತ್ತೆ.

ಗೂಗಲ್ಲಿಂದ ಇಳಿಸಿದ ಫೋಟೊ, ಎಐನಲ್ಲಿ ಮಾಡಿಸಿದ ಫೋಟೊ ಇವುಗಳ ಬಗ್ಗೆ ಹೆಚ್ಚು ಬರೆಯಲ್ಲ. ಹಾಕಬೇಡಿ. ಜೈವಿಕ ಭಾರತ್ ಲೋಗೋ ಕೂಡ ಅಷ್ಟೇ. ಅದಕ್ಕೆ ಬೇಕಾದ ಪ್ರಮಾಣಪತ್ರ ಕೈಯಲ್ಲಿಲ್ಲದೆ ಫೋಟೊ ಮೂಲೆಗೆ ಅಂಟಿಸಬೇಡಿ.

ಫೋನಲ್ಲಿ ತೆಗೆಯುವ ಬಗೆ

ಕ್ಯಾಮೆರಾ ಬೇಡ. ನಿಮ್ಮ ಹತ್ತಿರ ಇರೋ ಫೋನೇ ಸಾಕು. ಮೊದಲು ಲೆನ್ಸ್ ಒರೆಸಿ. ತಮಾಷೆ ಅಲ್ಲ, ತೋಟದ ಕೆಲಸ ಮಾಡುವವರ ಫೋನ್ ಲೆನ್ಸ್ ಮೇಲೆ ಸದಾ ಬೆರಳಿನ ಜಿಡ್ಡು ಇರುತ್ತೆ, ಫೋಟೊ ಮಂಜಾಗೋದು ಅದರಿಂದಲೇ.

ಬೆಳಕೇ ಮುಕ್ಕಾಲು ಪಾಲು ಕೆಲಸ. ಮರದ ಕೆಳಗೆ ತೆಗೆಯಬೇಡಿ. ಚೆಂದ ಅನ್ನಿಸುತ್ತೆ, ಆದರೆ ಎಲೆ ಮೂಲಕ ಬಂದ ಬೆಳಕು ಹಣ್ಣಿಗೆ ಹಸಿರು ಛಾಯೆ ಕೊಡುತ್ತೆ, ಜೊತೆಗೆ ಚುಕ್ಕೆ ಚುಕ್ಕೆ ಬಿಸಿಲು. ನಡುಮಧ್ಯಾಹ್ನದ ನೇರ ಬಿಸಿಲೂ ಬೇಡ, ಒಂದು ಕಡೆ ಬೆಳ್ಳಗೆ ಸುಟ್ಟು ಇನ್ನೊಂದು ಕಡೆ ಕಪ್ಪಾಗುತ್ತೆ. ಶೆಡ್ಡಿನ ಅಥವಾ ಮನೆಯ ಬಾಗಿಲ ಒಳಗೆ, ಬಿಸಿಲು ನೇರ ಬೀಳದ ಆದರೆ ಆಕಾಶ ಚೆನ್ನಾಗಿ ಕಾಣೋ ಜಾಗದಲ್ಲಿ, ಬೆಳಗ್ಗೆ ಎಂಟರಿಂದ ಹತ್ತರೊಳಗೆ ಇಡಿ. ಬಾಗಿಲು ನಿಮ್ಮ ಎಡಕ್ಕೋ ಬಲಕ್ಕೋ ಇರಲಿ. ಬೆಳಕು ಪಕ್ಕದಿಂದ ಬಂದ್ರೆ ಹಣ್ಣಿನ ದುಂಡು ಕಾಣುತ್ತೆ. ಇನ್ನೊಂದು ಪಕ್ಕ ತೀರಾ ಕಪ್ಪಾದ್ರೆ ಅಲ್ಲಿ ಒಂದು ಬಿಳಿ ಥರ್ಮಾಕೋಲ್ ತುಂಡು ನಿಲ್ಲಿಸಿ, ಬೆಳಕು ತಿರುಗಿ ಬೀಳುತ್ತೆ. ತಮ್ಮನ ಸ್ಟೈಲಿನಿಂದ ನಾನು ಉಳಿಸಿಕೊಂಡಿದ್ದು ಈ ಪಕ್ಕದ ಬೆಳಕನ್ನ. ಕತ್ತಲೆಯನ್ನ ಅಲ್ಲ.

ಶೆಡ್ಡಿನ ಹಳದಿ ಬಲ್ಬು ಆರಿಸಿ. ಹಗಲ ಬೆಳಕು, ಬಲ್ಬಿನ ಬೆಳಕು ಎರಡೂ ಸೇರಿದ್ರೆ ಯಾವ ಫೋನಿಗೂ ಬಣ್ಣ ಸರಿಯಾಗಿ ಸಿಗಲ್ಲ. ಸುತ್ತಮುತ್ತ ನೀಲಿ ಟಾರ್ಪಾಲು, ಕೆಂಪು ಕ್ರೇಟು ಇದ್ರೆ ದೂರ ಸರಿಸಿ, ಅದರ ಬಣ್ಣವೂ ಹಣ್ಣಿನ ಮೇಲೆ ಬೀಳುತ್ತೆ. ಬಣ್ಣ ನಿಜ ಬಂದಿದೆಯಾ ಅಂತ ತಿಳಿಯೋಕೆ ಸುಲಭ ದಾರಿ: ಒಂದು ಬಿಳಿ ಹಾಳೆಯನ್ನ ಹಣ್ಣಿನ ಪಕ್ಕ ಇಟ್ಟು ಒಂದು ಫೋಟೊ ತೆಗೆಯಿರಿ. ಹಾಳೆ ಬಿಳಿಯಾಗೇ ಕಂಡ್ರೆ ಹೆಚ್ಚುಕಮ್ಮಿ ಹಣ್ಣಿನ ಬಣ್ಣವೂ ಸರಿ. ಹಾಳೆ ಹಳದಿ ಕಂಡ್ರೆ ಹಣ್ಣೂ ಸುಳ್ಳು ಹೇಳ್ತಿದೆ. ಆಮೇಲೆ ಹಣ್ಣನ್ನ ಕೈಯಲ್ಲಿ ಹಿಡಿದು ಫೋನಿನ ಪರದೆಯ ಪಕ್ಕ ಇಟ್ಟು ನೋಡಿ. ಬ್ಯೂಟಿ, ಫುಡ್, ಎಐ ಅಂತ ಏನಿದ್ರೂ ಆಫ್. ಪೋರ್ಟ್ರೇಟ್ ಮೋಡೂ ಬೇಡ, ತೊಟ್ಟಿನ ಅಂಚನ್ನ, ಹುಲ್ಲಿನ ಎಳೆಯನ್ನ ಅಳಿಸಿಹಾಕುತ್ತೆ.

ಗಾತ್ರ ತೋರಿಸೋದು ಮರೆಯಬೇಡಿ. ದೊಡ್ಡವರ ಅಂಗೈ ಎಲ್ಲಕ್ಕಿಂತ ಒಳ್ಳೆ ಅಳತೆ, ನೋಡುವವರಿಗೂ ಅಂಥದ್ದೇ ಒಂದು ಕೈ ಇದೆಯಲ್ಲ. ನಮ್ಮ ತೋಟಕ್ಕೆ ಕೆಲಸಕ್ಕೆ ಬರೋ ಅಕ್ಕನ ಕೈಯಲ್ಲಿ ಹಣ್ಣಿಟ್ಟು ತೆಗೀತೀನಿ, ಅವರನ್ನ ಕೇಳಿಯೇ. ಮಗುವಿನ ಕೈಯಲ್ಲಿ ಇಟ್ರೆ ಹಣ್ಣು ದೊಡ್ಡದಾಗಿ ಕಾಣುತ್ತೆ ಅಂತ ಒಬ್ಬರು ಉಪಾಯ ಹೇಳಿಕೊಟ್ಟಿದ್ದರು. ಅದು ಮತ್ತೆ ಗಾಜಿನ ಗೋಲಿ ಕತೆ. ಫೋನನ್ನ ತೀರಾ ಹತ್ತಿರ ಒಯ್ದರೂ ಮುಂದಿನ ಹಣ್ಣು ತೆಂಗಿನಕಾಯಿಯಷ್ಟು, ಹಿಂದಿನದು ನಿಂಬೆಯಷ್ಟು ಕಾಣುತ್ತೆ. ಎರಡು ಹೆಜ್ಜೆ ಹಿಂದೆ ನಿಂತು ತೆಗೆದು, ಆಮೇಲೆ ಅಂಚು ಕತ್ತರಿಸಿ.

ನೀರು ಚಿಮುಕಿಸಬೇಕಾ? ಸೊಪ್ಪಿಗೆ ಪರವಾಗಿಲ್ಲ, ಸಂತೆಯಲ್ಲೂ ಚಿಮುಕಿಸ್ತಾರೆ. ಮಾವಿಗೆ ಬೇಡ. ಒದ್ದೆ ಹಣ್ಣು ಬೇಗ ಕೊಳೆಯುತ್ತೆ ಅಂತ ಬಲ್ಲವರಿಗೆ ಗೊತ್ತು. ನಮ್ಮ ಮೊದಲನೇ ಫೋಟೊ ನೋಡಿ ಅಪ್ಪ ಕೇಳಿದ್ದು ಒಂದೇ ಮಾತು, "ಹಣ್ಣು ಯಾಕಮ್ಮ ಬೆವರ್ತಾ ಇದೆ?"

ಕಲೆ ಇರೋ ಹಣ್ಣು ಮುಚ್ಚಿಡಬೇಕಾ ಅಂತ ತುಂಬಾ ಜನ ಕೇಳ್ತೀರಿ. ನಾನು ಈಗ ಸೊನೆ ಕಲೆ ಇರೋ ಒಂದು ಹಣ್ಣನ್ನ ಬೇಕಂತಲೇ ಮುಂದೆ ಇಡ್ತೀನಿ, ಕೆಳಗೆ 'ಸಿಪ್ಪೆ ಮೇಲಿನ ಸೊನೆ ಕಲೆ, ಒಳಗೆ ಏನೂ ಇಲ್ಲ' ಅಂತ ಬರೀತೀನಿ. ಇದರಿಂದ ಕೆಲವು ಆರ್ಡರ್ ತಪ್ಪಿರಬಹುದು. ಆದರೆ ಬಾಕ್ಸ್ ತಲುಪಿದ ಮೇಲಿನ ದೂರು ಬಹಳ ಕಡಿಮೆಯಾಗಿದೆ, ಅದೂ ದುಡ್ಡೇ.

ಯಾವ ಫೋಟೊ ಮುಂದೆ, ಯಾವುದು ಹಿಂದೆ

ಒಂದೇ ಫೋಟೊದಲ್ಲಿ ಎಲ್ಲ ತುರುಕೋಕೆ ಹೋಗಬೇಡಿ. ನಾನು ನಾಲ್ಕು ಹಾಕ್ತೀನಿ. ಮೊದಲನೇದು ಬೆರಳು ನಿಲ್ಲಿಸೋಕೆ: ಮೊರದಲ್ಲಿ ಹಣ್ಣು, ಪಕ್ಕದ ಬೆಳಕು, ಅಕ್ಷರ ಒಂದೂ ಇಲ್ಲ. ಇಲ್ಲಿ ನಿಮ್ಮ ಕಲೆ ಎಷ್ಟಿದ್ರೂ ತೋರಿಸಿ, ಬಣ್ಣ, ಗಾತ್ರ ಮಾತ್ರ ನಿಜ ಇರಲಿ. ಎರಡನೇದು ಕೊಯ್ದ ಹಣ್ಣು, ವಾಟೆ, ತಿರುಳು ಕಾಣೋ ಹಾಗೆ. ಮೂರನೇದು ತೆರೆದ ಬಾಕ್ಸು, ತೂಕದ ಸಮೇತ. ಬಾದಾಮಿ ಒಂದೊಂದು 250ರಿಂದ 300 ಗ್ರಾಂ ಇದ್ರೆ ಮೂರು ಕೆಜಿಗೆ 10ರಿಂದ 12 ಹಣ್ಣು. ಅದನ್ನ ಬರೆದೇ ಬಿಡಿ. ನಾಲ್ಕನೇದು ಆವತ್ತಿನ ಕೊಯ್ಲು, ತೋಟದಲ್ಲಿ ಯಾರಾದ್ರೂ ಕೆಲಸ ಮಾಡ್ತಾ ಇರೋದು. ಇದರಲ್ಲಿ ನೋಟ ಹೇಗಿದ್ರೂ ನಡೆಯುತ್ತೆ.

ರೇಟು, ಡೆಲಿವರಿ ದಿನ, ಫೋನ್ ನಂಬರನ್ನ ಫೋಟೊ ಮೇಲೆ ಬರೆಯೋದಕ್ಕಿಂತ ಕೆಳಗೆ ಮೆಸೇಜಿನಲ್ಲಿ ಬರೆಯಿರಿ. ರೇಟು ಬದಲಾದಾಗ ಹಳೇ ಫೋಟೊ ಎಲ್ಲೋ ತಿರುಗ್ತಾ ಇದ್ದು ಜಗಳಕ್ಕೆ ಬರುತ್ತೆ. ನನಗೆ ಎರಡು ಸಲ ಬಂದಿದೆ. ವಾಟ್ಸಾಪ್ ಫೋಟೊವನ್ನ ಕುಗ್ಗಿಸಿ ಕಳಿಸುತ್ತೆ, ಹಾಗಾಗಿ ಕಳಿಸುವಾಗ ಎಚ್‌ಡಿ ಒತ್ತಿ. ವಾಟ್ಸಾಪ್ ಬಿಸಿನೆಸ್ ಬಳಸುವವರು ಈ ನಾಲ್ಕನ್ನೂ ಕ್ಯಾಟಲಾಗಿಗೆ ಇದೇ ಕ್ರಮದಲ್ಲಿ ಹಾಕಿ, ಮೊದಲು ಹಾಕಿದ್ದೇ ಮುಖಪುಟದಲ್ಲಿ ಕಾಣೋದು.

ಈ ವಾರ ಮಾಡಿ ನೋಡಬೇಕಾದ್ದು ಒಂದೇ. ನಿಮ್ಮ ಹತ್ತಿರ ಈಗ ಮಾರಾಟಕ್ಕೆ ಏನಿದೆಯೋ ಅದರ ಎರಡು ಫೋಟೊ ತೆಗೆಯಿರಿ, ಒಂದು ನಿಮಗೆ ಚೆಂದ ಅನ್ನಿಸಿದ್ದು, ಇನ್ನೊಂದು ಗಾತ್ರ, ತೂಕ, ಒಳಭಾಗ ತೋರಿಸೋದು. ಒಂದೇ ದಿನ, ಒಂದೇ ರೇಟಿಗೆ ಎರಡು ಬೇರೆ ಗ್ರೂಪಿಗೆ ಹಾಕಿ. ಲೈಕ್ ಎಣಿಸಬೇಡಿ. ದುಡ್ಡು ಹಾಕಿದವರನ್ನ ಎಣಿಸಿ, ಹಾಗೇ ಯಾರು ಏನು ಕೇಳಿದರು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಎರಡಕ್ಕಿಂತ ಹೆಚ್ಚು ಜನ ಒಂದೇ ಪ್ರಶ್ನೆ ಕೇಳಿದ್ರೆ ಮುಂದಿನ ಫೋಟೊದಲ್ಲಿ ಅದರ ಉತ್ತರ ಕಾಣಬೇಕು. ನನ್ನ ಚೀಟಿಯಲ್ಲಿ ಈ ವರ್ಷ ಅತಿ ಹೆಚ್ಚು ಸಲ ಬಂದ ಪ್ರಶ್ನೆ, "ಮೇಡಂ, ಯಾವತ್ತು ತಿನ್ನೋಕಾಗುತ್ತೆ?" ಅದಕ್ಕೆ ಒಂದೇ ಹಣ್ಣನ್ನ ಒಂದೇ ಜಾಗದಲ್ಲಿಟ್ಟು ಮೊದಲನೇ ದಿನ, ಮೂರನೇ ದಿನ, ಐದನೇ ದಿನ ತೆಗೆದು ಜೋಡಿಸ್ತಾ ಇದ್ದೀನಿ. ಐದನೇ ದಿನದ್ದು ತೆಗೆಯೋ ಮುಂಚೆ ನಮ್ಮ ಮಗಳು ಎರಡು ಸಲ ತಿಂದುಬಿಟ್ಟಿದ್ದಾಳೆ.